ಚುಕ್ಕಾಣಿಗೊಂದು ಹಿಡಿಕಿ

ಕಾರವಾರ

ಅಜ್ಜಾ,

ಕಣ್ಣಿನ ಪೊರಿ ತಗಸಿದ ಮ್ಯಾಲ ಅಕ್ಷರ ಚಲೋ ಕಾಣಾಕತ್ತಾವಂತ ಅವ್ವ ಹೇಳಿದ್ಲು. ಅದಕ್ಕ ಫೋನ್ ಬಿಟ್ಟು ಪತ್ರ ಬರ್ಯಾಕ ಕುಂತೇನಿ. ಫೋನಿನ್ಯಾಗ ನೀ ಕೇಳೂದು ಎರಡೇ ಮಾತು: ಉಂಡ್ಯಾ, ನೀರಿಗಿ ಹೋಗಿಲ್ಲಲಾ. ಎರಡನೇದಕ್ಕ ಇಷ್ಟು ದಿನ ಸುಳ್ಳು ಹೇಳೇನಿ. ಹೋಗೇನಿ ಅಜ್ಜಾ. ಕಾಲೇಜಿನ ಎನ್‌ಸಿಸಿ ನೌಕಾ ವಿಭಾಗಕ್ಕ ಸೇರಿ ಹಾಯಿದೋಣಿ ನಡಸೂದು ಕಲ್ಯಾಕತ್ತೇನಿ.

ನಿನಗ ನೀರಂದ್ರ ಯಾಕ ಆಗೂದಿಲ್ಲ ಅಂತ ಗೊತ್ತೈತಿ. ನವಿಲುತೀರ್ಥದ ಡ್ಯಾಮ್ ಆದಾಗ ಅಜ್ಜಿ ತವರಮನಿ ಮಲಪ್ರಭೆಯ ಹಿನ್ನೀರಿನ್ಯಾಗ ಹೋತು. ಸವದತ್ತಿಗಿ ಹೊಂಟಾಗೆಲ್ಲಾ ಆಕಿ ಆ ನೀರು ಕಾಣದಂಗ ಮುಖಾ ತಿರುವಿ ಕುಂಡ್ರತಿದ್ಲು. ಆ ನೀರು ಬ್ಯಾರೆ, ಈ ನೀರು ಬ್ಯಾರೆ ಅಂತ ನಾ ವಾದ ಹಾಕೂದಿಲ್ಲ. ಆದ್ರ ದೋಣಿ ಹೆಂಗ ಸಜ್ಜ ಮಾಡ್ತೇವಿ ಅನ್ನೂದನ್ನ ಪೂರಾ ಓದು. ಆಮ್ಯಾಲ ಬೈ.

ನಮ್ಮದು ಎಂಟರ್‌ಪ್ರೈಸ್ ಅನ್ನೂ ಜಾತಿ ದೋಣಿ. 13 ಅಡಿ 3 ಇಂಚು ಉದ್ದ, ನಡಸಾಕ ಇಬ್ಬರು. 1956ರಾಗ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಅದರ ನಕಾಶಿ ತಗದ. ಅವನೂ ನಿನ್ನಂಗ ಕಟಗಿ ಕೆಲಸ ಕಲತಾವ. ಸಾದಾ ಮಂದಿ ಮನ್ಯಾಗ ಪ್ಲೈವುಡ್ ಕೊಯ್ದು ತಾವೇ ಜೋಡಿಸಿಕೊಳ್ಳಲಿ ಅಂತ ಹಂಗ ಮಾಡಿದ್ದ. ಈಗ ನಮ್ಮದು ಫೈಬರಿಂದು, ಚುಕ್ಕಾಣಿ ಮಾತ್ರ ಕಟಗಿದು. ಹಾಯಿ ಎರಡು, ಎರಡೂ ತಿಳಿನೀಲಿ.

ಯಲ್ಲಮ್ಮನ ಜಾತ್ರಿಗಿ ಹೋಗೂ ಹಿಂದಿನ ದಿನ ನೀ ಚಕ್ಕಡಿ ಸುತ್ತ ತಿರಗತಿದ್ದಿಯಲಾ, ನಾ ಹಿಂದಿಂದ ಕೀಲೆಣ್ಣಿ ಡಬ್ಬಿ ಹಿಡಕೊಂಡು ಬರತಿದ್ದೆ. ಇಲ್ಲಿ ಉಸುಕಿನ ಮ್ಯಾಲ ಹಂಗೇ ಸುತ್ತತೇನಿ. ಮೊದಲ ದೋಣಿ ಮೂತಿ ಗಾಳಿಗಿ ಎದರ ಮಾಡಿ ನಿಲ್ಲಸಬೇಕು. ಇಲ್ಲಾಂದ್ರ ಹಾಯಿ ಏರಿಸಿದ ಕೂಡಲೇ ಗಾಳಿ ತುಂಬಿ ದಡದ ಮ್ಯಾಲೇ ಉರುಳತೈತಿ. ಮುಂಜಾನೆ ಗಾಳಿ ಗುಡ್ಡದ ಕಡಿಂದ ಸಮುದ್ರಕ್ಕ ಹೊಂಡತೈತಿ, ಮಧ್ಯಾಹ್ನ ಸಮುದ್ರದಿಂದ ದಡಕ್ಕ. ಹಂಗಾಗಿ ಹೊತ್ತ ನೋಡಿ ದಿಕ್ಕ ತಿರುವತೇವಿ. ಕಂಬ ನಿಲ್ಲಿಸಿ ಎಡಕ್ಕ, ಬಲಕ್ಕ, ಮುಂದಕ್ಕ ತಂತಿ ಬಿಗಿತೇವಿ. ಕಂಬ ನೆಟ್ಟಗ ಐತೋ ಇಲ್ಲೋ ಅಂತ ನಾ ಒಂದ ಕಣ್ಣ ಮುಚ್ಚಿ ನೋಡತೇನಿ. ಹಲಗಿ ಸೊಟ್ಟ ಹಿಡ್ಯಾಕ ನೀ ನೋಡತಿದ್ದಿಯಲಾ, ಹಂಗ. ದೊಡ್ಡ ಹಾಯಿಯ ಅಂಚು ಕಂಬದ ಸೀಳಿನೊಳಗ ಜಾರಿಸಿ ಎಳದ್ರ ಸರ್ ಅಂತ ಏರತೈತಿ. ಹಗ್ಗದ ತುದಿಗಿ ಎಂಟರ ಅಂಕಿಯಂಥ ಗಂಟು ಹಾಕತೇವಿ, ರಾಟಿಯೊಳಗಿಂದ ಜಾರಿ ಹೋಗಬಾರದಂತ. ತಳದ ನೀರಿನ ತೂತಿಗಿ ಬಿರಡಿ ಕಡೀಕ. ಅದನ್ನ ಮಾತ್ರ ಇಬ್ಬರೂ ಮುಟ್ಟಿ ನೋಡಬೇಕು.

ಹೋದ ತಿಂಗಳ ನಂದು ತಪ್ಪಾತು. ಚುಕ್ಕಾಣಿ ದೋಣಿಯ ಹಿಂಬದಿಗಿ ಎರಡು ಕೊಂಡಿ ಮ್ಯಾಲ ಕುಂಡ್ರತೈತಿ. ಅದು ಮ್ಯಾಲಕ್ಕ ಕಿತ್ತ ಬರಬಾರದಂತ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರತೈತಿ, ಬೆರಳಿನಷ್ಟೂ ಇಲ್ಲ. ಕುಂಡ್ರಸಿದಾಗ ಟಿಕ್ ಅನ್ನಬೇಕು. ಆವತ್ತ ನಾ ಮಾತಾಡಕೋತ ಆ ಸಪ್ಪಳಾನೇ ಕೇಳಲಿಲ್ಲ. ಬಿರುಸ ಗಾಳಿಗಿ ದೋಣಿ ಮಗಚಿದಾಗ ಚುಕ್ಕಾಣಿ ಕಳಚಿ ತೇಲಿ ಹೋತು. ದೋಣಿ ಮುಳಗಲಿಲ್ಲ, ಅದರ ಒಡಲಾಗ ಗಾಳಿ ತುಂಬಿದ ಮುಚ್ಚಿದ ಜಾಗ ಇರತಾವ. ನಮ್ಮ ಮೈಮ್ಯಾಲ ತೇಲು ಜಾಕೀಟಿತ್ತು. ತಳಾ ಹಿಡಕೊಂಡು ತೇಲಿದ ಆ ಹೊತ್ತಿನ್ಯಾಗ ನನಗ ನೆನಪಾದದ್ದು ನಿನ್ನ ಕಡಾಣಿ. ಗಾಲಿ ಹಾಕಿದ ಮ್ಯಾಲ ಕಡಾಣಿಗಿ ಸುತ್ತಿಗಿಲೆ ಎರಡ ಸಲ ಬಡದು, ಮೂರನೇ ಸಲ ಬರೇ ಕೈಲೆ ಅಲಗಾಡಿಸಿ ನೋಡತಿದ್ದಿ. ಇಷ್ಟು ವರ್ಷ ನೋಡಿದ್ದೆ, ಯಾಕಂತ ಅವತ್ತ ತಿಳೀತು.

ಮರುದಿನ ಬೈತಖೋಲ ಕಡೆ ಮೀನಗಾರರು ಬಂಡೆಗಲ್ಲಿನ ಸಂದಿಂದ ಚುಕ್ಕಾಣಿ ತಂದುಕೊಟ್ರು, ರೊಕ್ಕಾ ಮುಟ್ಟಲಿಲ್ಲ. ಅಲಗು ಚಲೋ ಐತಿ, ಹಿಡಿಕಿ ಸೀಳೇತಿ. ಹೊಸಾದು ತರಸೋಣು ಅಂತ ಎನ್‌ಸಿಸಿಯವರು ಅಂದ್ರು. ನಮ್ಮಜ್ಜ ಮಾಡತಾನ ಅಂತ ನಾ ಹೇಳಿಬಿಟ್ಟೇನಿ.

ಅಟ್ಟದ ಮ್ಯಾಲ ಗ್ವಾಡಿ ಕಡೆ ಒಂದು ಸಾಗವಾನಿ ತುಂಡ ಐತಿ, ತೊಟ್ಟಿಲಕ್ಕ ತಂದು ಉಳಿದದ್ದು. ಸೀಳಿದ ಹಿಡಿಕಿನ ಪೇಪರ್ ಮ್ಯಾಲ ಇಟ್ಟು ಪೆನ್ಸಿಲ್ಲಿಲೆ ಗೆರಿ ಹೊಡದು ಕತ್ತರಿಸಿ ಇದರೊಳಗ ಮಡಚಿ ಇಟ್ಟೇನಿ. ಚುಕ್ಕಾಣಿ ತಲಿಯೊಳಗ ಹೋಗೂ ತುದಿ ಚೌಕ ಇರಲಿ, ಅಲಗಾಡಬಾರದು. ಕೈ ಹಿಡಿಯೂ ಕಡೆ ದುಂಡಗ ರಂದಾ ಹೊಡಿ, ನನ್ನ ಮುಷ್ಟಿ ಅಳತಿ ನಿನಗ ಗೊತ್ತೈತಿ. ಬಣ್ಣ ಹಚ್ಚಬ್ಯಾಡ, ಇಲ್ಲಿ ವಾರ್ನಿಶ್ ಕೊಡತಾರ.

ಹುಬ್ಬಳ್ಳಿ ಬಸ್ಸಿಗಿ ಮಾಮಾನ ಕೈಯಾಗ ಕೊಟ್ಟು ಕಳಸು. ಇಲ್ಲಾ, ನೀನೇ ತಗೊಂಡು ಬಾ. ದೋಣಿ ಹತ್ತು ಅನ್ನೂದಿಲ್ಲ, ದಡದಾಗ ಕುಂತು ಆ ಪಟ್ಟಿ ಟಿಕ್ ಅಂದದ್ದು ಕೇಳಿದ್ರ ಸಾಕು.

ನಿನ್ನ ಮೊಮ್ಮಗಳು