ಬುಟ್ಟಿ ಮಗುಚಿ ನೋಡಿರಿ

ಇಂಡಿ ಸೀಮೆಯ ಹಲಸಂಗಿಗೆ ಹೋದದ್ದು 'ಹಲಸಂಗಿ ಗೆಳೆಯರ' ಊರು ನೋಡಬೇಕೆಂದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹೆಣ್ಣುಮಕ್ಕಳ ಬೀಸುವ ಪದಗಳನ್ನು ಬರೆದುಕೊಂಡರಲ್ಲ, 1931ರಲ್ಲಿ 'ಗರತಿಯ ಹಾಡು' ಬಂತಲ್ಲ, ಅದೇ ಊರು. ಆದರೆ ಹೆಚ್ಚು ಹೊತ್ತು ಕಳೆದದ್ದು ಬೇವಿನ ಗಿಡದ ನೆರಳಿಗೆ ಬುಟ್ಟಿ ಹೆಣೆಯುತ್ತಿದ್ದ ಒಬ್ಬ ಮುದುಕಿಯ ಮುಂದೆ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಜಾತ್ರೆಯಲ್ಲಿ ನಾನು ಆರಿಸಿ ತಂದ ಬಣ್ಣದ ರೊಟ್ಟಿ ಬುಟ್ಟಿ ಮೂರೇ ತಿಂಗಳಿಗೆ ಹಳದಿ ಪುಡಿ ಉದುರಿಸತೊಡಗಿತ್ತು. 'ಸಾಲ್ಯಾಗ ವಿಜ್ಞಾನ ಕಲಸ್ತೀರಿ, ಒಂದು ಬುಟ್ಟಿ ಆರಿಸಾಕ ಬರಂಗಿಲ್ಲ' ಎಂದು ಮನೆಯಾಕೆ ಅಂದದ್ದು ಇನ್ನೂ ಕಿವಿಯಲ್ಲಿದೆ.

'ಎಳೇ ಬಿದಿರು ಇದ್ದೀತ್ರಿ ಮಾಸ್ತರ' ಎಂದಳು ಮುದುಕಿ. ನಿಜ. ಎಳೆಯ ಬಿದಿರಿನಲ್ಲಿ ನೀರಿನಂಶ ಹೆಚ್ಚು, ಬೇಗ ಕೆಡುತ್ತದೆ. ಬಿದಿರಿನೊಳಗಿನ ಪಿಷ್ಟವೇ ಕೊರೆಯುವ ಹುಳಕ್ಕೆ ಅನ್ನ. ಕೊಳ್ಳುವ ಮುನ್ನ ಬುಟ್ಟಿಯನ್ನು ಮಗುಚಿ ಬಿಳಿ ಬಟ್ಟೆಯ ಮೇಲೆ ತಟ್ಟಿದರೆ ಪುಡಿಯೋ ಸಣ್ಣ ತೂತೋ ಕಂಡೀತು. ಬಣ್ಣ ಬಳಿದಿದ್ದರೆ ತೂತೂ ಕಾಣದು.

ಆಕೆ ಎರಡು ಸೀಳು ಕೊಟ್ಟಳು. ಒಂದು ಬಿದಿರಿನ ಹೊರಮೈಯದು, ನುಣುಪು, ಉಗುರು ಊರಿದರೂ ಇಳಿಯಲಿಲ್ಲ. ಇನ್ನೊಂದು ಒಳಗಿನದು, ಬಾಗಿಸುತ್ತಲೇ ಚಟ್ಟನೆ ಮುರಿಯಿತು. ಬಿದಿರಿನ ನಾರು ಹೊರಮೈ ಕಡೆಗೇ ದಟ್ಟವಾಗಿರುವುದು. ಪುಸ್ತಕದಲ್ಲಿ ಓದಿದ್ದು ಬೆರಳಿಗೆ ತಿಳಿದದ್ದು ಆಗಲೇ. ಆಮೇಲೆ ಬುಟ್ಟಿಯ ಬಾಯನ್ನು ಎರಡೂ ಕೈಯಿಂದ ಅದುಮಿ ಬಿಡಿಸಿದಳು. ಒಳ್ಳೆಯ ಬುಟ್ಟಿ ಮತ್ತೆ ದುಂಡಗಾಗಬೇಕು, ಅಂಚು ಕಿರುಗುಟ್ಟಬಾರದು.

'ತಳದಾಗ ಸಂದಿ ಅದಾವಲ್ಲ ಆಯಿ?' ಎಂದೆ, ಚೌಕಾಸಿಗೆ ದಾರಿ ಸಿಕ್ಕಿತೆಂದು.

'ರೊಟ್ಟಿ ಬುಟ್ಟಿಗೆ ಸಂದಿ ಬೇಕ್ರಿ, ಹಬಿ ಹೋಗಾಕ. ಇಲ್ಲಂದ್ರ ರೊಟ್ಟಿ ಬೆವರಿ ಬೂಸರ ಬರ್ತಾವ. ಹಿಟ್ಟಿಗಾದ್ರ ಮೆಂತ್ಯ ಅರದು ಕಾಗದ ಮೆತ್ತಿಕೊಳ್ರಿ.'

150 ರೂಪಾಯಿ ಎಂದಳು. ನಾನು 100ಕ್ಕೆ ಕೇಳಿದೆ. ಆಕೆ ಸಿಟ್ಟಾಗಲಿಲ್ಲ, ಪಕ್ಕದ ಇನ್ನೊಂದು ಬುಟ್ಟಿ ಮುಂದಿಟ್ಟಳು. 'ನೂರಕ್ಕ ಇದು. ಬರೇ ಒಳಗಿನ ಸೀಳು. ಕಡಿಮಿ ಕೇಳಾವ್ರಿಗಂತನ ಹೆಣದೇನಿ.'

ಈ ಬಯಲುಸೀಮೆಯಲ್ಲಿ ಬಿದಿರೆಲ್ಲಿ ಬೆಳೆಯುತ್ತದೆ? ದೂರದಿಂದ ಬರಬೇಕು, ಹಣ ಕೊಟ್ಟು ತರಬೇಕು. ಹೊಲದಲ್ಲಿ ಪುಕ್ಕಟೆ ಸಿಗುವುದು ತೊಗರಿ ಕಟಗಿ. ಸಗಣಿ, ಕಸ ಹೊರುವ ಬುಟ್ಟಿಗೆ ಅದು ಸಾಕು. ಜಾತ್ರೆಯ ಬುಟ್ಟಿಗೂ ನಾನು ಹೀಗೇ ಜಗ್ಗಾಡಿದ್ದೆ.

150 ಎಣಿಸಿ ಕೊಟ್ಟೆ. ಮನೆಯಾಕೆ ಏನೂ ಕೇಳಲಿಲ್ಲ. ಬುಟ್ಟಿ ಕೈಗೆ ಬಂದೊಡನೆ ಮಗುಚಿ, ತಳವನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಒಳಗೆ ಒಯ್ದಳು.