ಅರ್ಧ ಗಂಟೆ ನೀರು

ಮದುವೆಯಾಗಿ ಮಸ್ಕತ್ತಿಗೆ ಹೋದ ಮೊದಲ ವಾರ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದೆ, ನೀರು ಬಂತು. ಮನೆಯಲ್ಲಿದ್ದ ಎರಡು ಬಕೆಟ್, ಅಡಿಗೆಯ ಪಾತ್ರೆಗಳು, ಚಹಾದ ಕೆಟಲು, ಕೊನೆಗೆ ಅಮ್ಮ ಚಟ್ನಿಪುಡಿ ತುಂಬಿ ಕಳಿಸಿದ್ದ ಸ್ಟೀಲಿನ ಡಬ್ಬಿ, ಎಲ್ಲವನ್ನೂ ಭರ್ತಿ ಮಾಡಿಟ್ಟೆ. ಚಟ್ನಿಪುಡಿ ಪೇಪರಿನ ಮೇಲೆ ಗುಡ್ಡೆಯಾಗಿ ಕೂತಿತ್ತು. ಸಂಜೆ ಬಂದ ನಮ್ಮವರು ನೋಡಿ, "ಇದೇನು, ಮನೆಯಲ್ಲಿ ಸಮಾರಾಧನೆಯೇ?" ಎಂದರು.

"ನೀರು ಬಂದಿತ್ತು ಕಣ್ರೀ. ನಿಂತುಹೋದರೆ?"

"ಇಲ್ಲಿ ನಿಲ್ಲುವುದಿಲ್ಲ."

ನನಗೆ ನಂಬಿಕೆ ಬರಲು ಒಂದು ತಿಂಗಳೇ ಬೇಕಾಯಿತು. ನಮ್ಮದು ಚಳ್ಳಕೆರೆ ಕಡೆಯ ಊರು. ಅಮ್ಮ ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ನೀರಿನ ಲೆಕ್ಕದಲ್ಲಿ ಅವಳನ್ನು ಮೀರಿಸುವವರನ್ನು ನಾನು ಕಾಣೆ. ಕುಡಿಯಲು ಎರಡು ಬಿಂದಿಗೆ, ಅಡಿಗೆಗೆ ಎರಡು, ಹಂಡೆಗೆ ಆರು. ಅಕ್ಕಿ ತೊಳೆದದ್ದು ಎಮ್ಮೆಗೆ, ತರಕಾರಿ ತೊಳೆದದ್ದು ಪಾತ್ರೆಗೆ, ಪಾತ್ರೆ ತೊಳೆದದ್ದು ಕರಿಬೇವಿನ ಬುಡಕ್ಕೆ. ನೆಂಟರು ಬಂದರೆ ಅವಳು ಮೊದಲು ನೋಡುತ್ತಿದ್ದುದು ಅವರ ಮುಖವನ್ನಲ್ಲ, ಹಂಡೆಯನ್ನು. ಅಂಥ ಮನೆಯಿಂದ ಬಂದವಳಿಗೆ ನೀರು ನಿಲ್ಲುವುದಿಲ್ಲವೆಂದರೆ ಹೇಗೆ ಅನ್ನಿಸಬೇಡ?

ಒಮಾನಿನಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವರ್ಷದ ಮಳೆ ದೇಶದ ಲೆಕ್ಕದಲ್ಲಿ ಸರಾಸರಿ 100 ಮಿಲಿಮೀಟರಿನ ಆಸುಪಾಸು. ನಾವು ಬರವೆಂದು ಗೋಳಿಡುವ ವರ್ಷದಲ್ಲೂ ನಮ್ಮ ಕಡೆ ಅದರ ಎರಡು ಮೂರು ಪಟ್ಟು ಬಿದ್ದಿರುತ್ತದೆ. ನನ್ನ ನಲ್ಲಿಯ ನೀರು ಸಮುದ್ರದ್ದೆಂದು ಆಮೇಲೆ ತಿಳಿಯಿತು. ಮಸ್ಕತ್ತಿನ ಘುಬ್ರಾ ಎಂಬಲ್ಲಿ 1976ರಿಂದ ಸಮುದ್ರದ ನೀರನ್ನು ಕಾಸಿ ಆವಿ ಮಾಡಿ, ಉಪ್ಪು ಬಿಡಿಸಿ ಊರಿಗೆ ಕೊಡುತ್ತಿದ್ದರು. ಭೂಮಿಯೊಳಗಿನ ಗ್ಯಾಸು ಉರಿಸಿ ನೀರು ಮಾಡುವುದು! ಅದು ಗೊತ್ತಾದ ದಿನ ಪಾತ್ರೆ ತೊಳೆಯುವಾಗ ಕೈ ತಾನಾಗಿ ನಲ್ಲಿಯನ್ನು ಸಣ್ಣ ಮಾಡಿತು. ಹಾಗಾದರೆ ಈ ಯಂತ್ರ ಬರುವುದಕ್ಕೆ ಮುಂಚೆ ಇಲ್ಲಿಯ ಹೆಂಗಸರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು.

ಉತ್ತರ ಸಿಕ್ಕಿದ್ದು 1998ರಲ್ಲಿ. ನಮ್ಮವರ ಆಫೀಸಿನಲ್ಲಿದ್ದ ಒಮಾನಿ ಗೆಳೆಯರೊಬ್ಬರು ಚಳಿಗಾಲದ ಒಂದು ರಜೆಯಲ್ಲಿ ನಮ್ಮನ್ನು ನಿಜ್ವಾದ ಆಚೆಯ ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಬಿರ್ಕತ್ ಅಲ್ ಮೌಜ್ ಎಂಬ ಊರು ಸಿಗುತ್ತದೆ. ಹೆಸರಿನ ಅರ್ಥವೇ ಬಾಳೆಯ ಕೊಳವೆಂದು. ಸುತ್ತ ಸುಟ್ಟ ಇಟ್ಟಿಗೆಯ ಬಣ್ಣದ ಬೋಳು ಬೆಟ್ಟ, ನಡುವೆ ನಮ್ಮ ಮಲೆನಾಡಿನ ತುಂಡೊಂದನ್ನು ಕಿತ್ತು ತಂದಿಟ್ಟಂತೆ ಬಾಳೆ, ಖರ್ಜೂರ. ಅಲ್ಲಿಯ ಖತ್ಮೀನ್ ಎಂಬ ಕಾಲುವೆ ಒಂದು ಕಡೆ ಮೂರಾಗಿ ಒಡೆಯುತ್ತದೆ. ಮೂರೂ ಸಮ. ನಾನು ಎಷ್ಟು ಹೊತ್ತು ನಿಂತು ನೋಡಿದರೂ ಯಾವ ಕವಲಿಗೆ ಹೆಚ್ಚು ಹೋಗುತ್ತಿದೆ ಎಂದು ಹೇಳಲಾಗಲಿಲ್ಲ. ನೀರು ಹಂಚುವಲ್ಲಿ ಜಗಳವಿಲ್ಲದೆ ಹತ್ತು ನಿಮಿಷ ಕಳೆದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಇಂಥ ಕಾಲುವೆಗೆ ಅವರು ಫಲಜ್ ಎನ್ನುತ್ತಾರೆ. ಪಾಲು ಮಾಡುವುದು ಎಂಬುದೇ ಆ ಮಾತಿನ ಮೂಲ. ಬೆಟ್ಟದ ಬುಡದಲ್ಲಿ ನೀರು ಸಿಗುವಲ್ಲಿ ಆಳದ ಬಾವಿ ತೋಡುತ್ತಾರೆ. ಅದಕ್ಕೆ ಅವರ ಭಾಷೆಯಲ್ಲೂ ತಾಯಿ ಎಂದೇ ಹೆಸರು. ಅಲ್ಲಿಂದ ಊರಿನವರೆಗೆ ನೆಲದೊಳಗೇ ಸುರಂಗ. ಇಳಿಜಾರು ಎಷ್ಟು ಸಣ್ಣದೆಂದರೆ ನೀರಿಗೆ ತಾನು ಇಳಿಯುತ್ತಿದ್ದೇನೆಂದು ತಿಳಿಯಬಾರದು, ಅಷ್ಟು. ಎತ್ತು ಬೇಡ, ಏತ ಬೇಡ, ಕರೆಂಟು ಬೇಡ. ದಾವೂದನ ಮಗ ಸುಲೇಮಾನ್ ಹಾರುವ ಚಾಪೆಯ ಮೇಲೆ ಬಂದು ಭೂತಗಳ ಕೈಯಲ್ಲಿ ಹತ್ತು ದಿನಕ್ಕೆ ಹತ್ತು ಸಾವಿರ ಕಾಲುವೆ ತೋಡಿಸಿದನೆಂದು ಕಥೆ. ನಮ್ಮಲ್ಲಿ ಯಾರು ಕಟ್ಟಿಸಿದರೆಂದು ಗೊತ್ತಿಲ್ಲದ ಗುಡಿಯನ್ನೆಲ್ಲ ಜಕಣಾಚಾರಿಗೆ ಬರೆದುಬಿಡುತ್ತೇವಲ್ಲ, ಹಾಗೆ.

ಹಳ್ಳಿಯಲ್ಲಿ ನೀರು ಹೊರಬರುವ ಜಾಗದಲ್ಲಿ ಮೊದಲು ಕುಡಿಯುವವರು ತುಂಬಿಕೊಳ್ಳಬೇಕು. ಅದಕ್ಕೆ ಲೆಕ್ಕವಿಲ್ಲ, ದುಡ್ಡಿಲ್ಲ, ದಾರಿಹೋಕನಿಗೂ ಹಕ್ಕಿದೆ. ಅದರ ಕೆಳಗೆ ಮಸೀದಿ, ಆಮೇಲೆ ಗಂಡಸರ ಸ್ನಾನದ ಜಾಗ, ಅದರ ಕೆಳಗೆ ಗೋಡೆ ಕಟ್ಟಿದ ಹೆಂಗಸರ ಜಾಗ. ಹೆಂಗಸರದು ಕೆಳಗೇಕೆ ಎಂದು ನನಗೆ ಅನ್ನಿಸದೆ ಇರಲಿಲ್ಲ. ಅತಿಥಿಯಾಗಿ ಹೋದವಳು ಬಾಯಿ ಮುಚ್ಚಿಕೊಂಡೆ. ಇದೆಲ್ಲ ಆದ ಮೇಲೆ ಕಾಲುವೆ ತೋಟಕ್ಕೆ ಇಳಿಯುತ್ತದೆ. ಲೆಕ್ಕ ಶುರುವಾಗುವುದು ಅಲ್ಲಿಂದ.

ಆ ಲೆಕ್ಕ ನನ್ನ ಅಮ್ಮನ ಲೆಕ್ಕಕ್ಕೆ ಪೂರಾ ತಿರುಗುಮುರುಗು. ಅವರು ನೀರನ್ನು ಅಳೆಯುವುದೇ ಇಲ್ಲ, ಹೊತ್ತನ್ನು ಅಳೆಯುತ್ತಾರೆ. ಒಂದು 'ಅಥರ್' ಎಂದರೆ ಅರ್ಧ ಗಂಟೆ. ಅಂಥ 24 ಸೇರಿದರೆ ಒಂದು 'ಬಾದ', ಅಂದರೆ ಅರ್ಧ ದಿನ. ಬಯಲಿನಲ್ಲಿ ಒಂದು ಕಂಬ ನೆಟ್ಟು ಅದರ ನೆರಳು ಬೀಳುವ ಕಡೆ ಗುರುತು ಮಾಡಿರುತ್ತಾರೆ. ನೆರಳು ಈ ಗುರುತಿನಿಂದ ಆ ಗುರುತಿಗೆ ಹೋಗುವವರೆಗೆ ನೀರು ನಿನ್ನದು. ರಾತ್ರಿಯಾದರೆ ನಕ್ಷತ್ರ. ಇಂಥ ನಕ್ಷತ್ರ ಬೆಟ್ಟದ ಅಂಚಿನಿಂದ ಮೇಲೆ ಬಂತೋ, ಪಾಳಿ ಬದಲು. ನಾವು ಹೋದಾಗ ಗಂಡಸರ ಕೈಯಲ್ಲಿ ವಾಚು ಬಂದಿತ್ತು. ಆದರೂ ಆ ಕಂಬವನ್ನು ಯಾರೂ ಕಿತ್ತಿರಲಿಲ್ಲ. ಹೊತ್ತು ಮುಗಿದ ಕೂಡಲೇ ಒಬ್ಬ ಹುಡುಗ ಹಳೆ ಬಟ್ಟೆ ಸುತ್ತಿದ ಕಲ್ಲನ್ನು ಈ ತೋಟದ ಬಾಯಿಗೆ ತುರುಕಿ ಆ ತೋಟದ ಬಾಯಿ ಬಿಡಿಸಿದ. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ ಅವರಲ್ಲಿ ಅರೀಫ್ ಎಂಬವನು ಪಾಳಿ ನೋಡುತ್ತಾನೆ. ಅವನ ಮೇಲೆ ವಕೀಲ, ಅಂದರೆ ಯಜಮಾನ. ಲೆಕ್ಕ ಬರೆಯುವವನು ಬೇರೆ. ಕಾಲುವೆಯ ಹೆಸರಿನಲ್ಲೇ ಕೆಲವು ಅಥರ್ ಇರುತ್ತವೆ, ಅವನ್ನು ಹರಾಜು ಹಾಕಿ ಬಂದ ದುಡ್ಡಿನಲ್ಲಿ ಹೂಳು ತೆಗೆಸುತ್ತಾರೆ. ನಮ್ಮವರು ಲೆಕ್ಕಪತ್ರದ ಕೆಲಸದವರಲ್ಲವೇ, ಹರಾಜಿನ ಪುಸ್ತಕ ನೋಡಿ ಮಗುವನ್ನು ಕಂಡಷ್ಟು ಖುಷಿಪಟ್ಟರು.

"ಮಳೆ ಬಾರದ ವರ್ಷ ಏನು ಮಾಡುತ್ತೀರಿ?" ಎಂದು ನಾನು ಕೇಳಿದೆ.

ಗೆಳೆಯರು ಇದೇನು ಪ್ರಶ್ನೆ ಎಂಬಂತೆ ನೋಡಿದರು. ಕಾಲುವೆ ಸಣ್ಣಗಾಗುತ್ತದೆ. ಅರ್ಧ ಗಂಟೆ ಅರ್ಧ ಗಂಟೆಯೇ, ಅದರಲ್ಲಿ ಬರುವ ನೀರು ಕಡಿಮೆ. ದೊಡ್ಡವನಿಗೂ ಕಡಿಮೆ, ಚಿಕ್ಕವನಿಗೂ ಕಡಿಮೆ. ಆ ವರ್ಷ ಕೆಳಗಿನ ಹೊಲದಲ್ಲಿ ಗೋಧಿ, ತರಕಾರಿ ಹಾಕುವುದಿಲ್ಲ, ಖರ್ಜೂರದ ಮರ ಉಳಿಸಿಕೊಳ್ಳುತ್ತಾರೆ. ಮರ ಉಳಿದರೆ ಊರು ಉಳಿಯುತ್ತದೆ.

ಆಮೇಲೆ ಗಂಡಸರು ಹೊರಗಿನ ಮಜ್ಲಿಸಿನಲ್ಲಿ ಕೂತರು, ನನ್ನನ್ನು ಒಳಗೆ ಅವರ ತಾಯಿಯ ಬಳಿಗೆ ಕಳಿಸಿದರು. ಖರ್ಜೂರ, ಹಲ್ವ, ಕಿರುಬೆರಳಷ್ಟು ಲೋಟದಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ. ಸಾಕೆಂದರೆ ಲೋಟ ಅಲ್ಲಾಡಿಸಬೇಕು. ನನಗೆ ಗೊತ್ತಿರಲಿಲ್ಲ, ಆರು ಸಲ ಕುಡಿದೆ. ಅಜ್ಜಿಗೆ ಒಂದಿಷ್ಟು ಹಿಂದಿ ಬರುತ್ತಿತ್ತು, ನನಗೆ ಒಂದಿಷ್ಟು ಅರಬ್ಬಿ, ಉಳಿದದ್ದು ಕೈಸನ್ನೆ. ನಾನು ಕಾಲುವೆಯನ್ನು ಹೊಗಳಿದಾಗ ಆಕೆ ಎದೆಯ ಮೇಲೆ ಕೈಯಿಟ್ಟು, "ಅದರಲ್ಲಿ ನನ್ನದೂ ಒಂದು ಅಥರ್ ಇದೆ" ಎಂದರು.

ನಾನು ಗಂಡನದ್ದಿರಬೇಕು ಎಂದುಕೊಂಡೆ. ಅಲ್ಲ. ಆಕೆಯ ತಾಯಿಯಿಂದ ಬಂದದ್ದು. ಅಲ್ಲಿ ನೆಲ ಬೇರೆ, ನೀರು ಬೇರೆ. ತುಂಡು ನೆಲವಿಲ್ಲದವರಿಗೂ ನೀರು ಇರಬಹುದು. ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು. ಅವರ ಧರ್ಮದ ಕಾನೂನಿನಲ್ಲಿ ಮಗನಿಗೆ ಎರಡಾದರೆ ಮಗಳಿಗೆ ಒಂದು. ಸಮವಲ್ಲ, ಆದರೆ ಇಲ್ಲವೆಂದಲ್ಲ. ಆ ಊರಿನಲ್ಲಿ ಹತ್ತು ದಿನಕ್ಕೊಮ್ಮೆ ಪಾಳಿ. ಹತ್ತು ದಿನಕ್ಕೊಮ್ಮೆ ಅರ್ಧ ಗಂಟೆ ಇಡೀ ಕಾಲುವೆ ಈ ಮುದುಕಿಯದು. ಪಕ್ಕದ ಮನೆಯವನಿಗೆ ಬಾಡಿಗೆಗೆ ಕೊಡುತ್ತಾರಂತೆ. ಅವನ ಮೇಲೆ ಸಿಟ್ಟು ಬಂದ ವರ್ಷ ತಮ್ಮ ನಿಂಬೆಗಿಡಕ್ಕೂ ಆಡಿನ ಮೇವಿಗೂ ಬಿಟ್ಟುಕೊಳ್ಳುತ್ತಾರಂತೆ. ಹೇಳಿ ಆಕೆ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ನಗಲಾಗಲಿಲ್ಲ, ಅಮ್ಮನ ಬರಿಗೈ ಕಣ್ಣಿಗೆ ಬಂತು.

ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಸೇರಿ ಒಂದು ಬಾವಿಯಿತ್ತು. ಕಪಿಲೆಯ ಕಾಲದಿಂದ ಪಾಳಿ: ಒಂದು ದಿನ ಅವರದು, ಒಂದು ದಿನ ನಮ್ಮದು. ನೀರು ಇಳಿದರೆ ಇಬ್ಬರಿಗೂ ಇಳಿಯುತ್ತಿತ್ತು. ಪಂಪು ಬಂದ ಮೇಲೂ ಹೇಗೋ ನಡೆಯಿತು. ಎಂಬತ್ತರ ದಶಕದ ನಡುವೆ ಮೂರು ವರ್ಷ ಮಳೆ ಕೈಕೊಟ್ಟಾಗ ದೊಡ್ಡಪ್ಪ ತಮ್ಮ ಭಾಗದಲ್ಲಿ ಬೋರು ಕೊರೆಸಿದರು. ನೀರು ಚಿಮ್ಮಿದ ದಿನ ದೊಡ್ಡಮ್ಮ ನಮಗೂ ಪಾಯಸ ಕೊಟ್ಟಿದ್ದರು. ನಾಲ್ಕು ತಿಂಗಳಲ್ಲಿ ಬಾವಿಯ ತಳ ಕಾಣಿಸಿತು. ಅಪ್ಪ ಅಣ್ಣನ ಮನೆಯ ಮೆಟ್ಟಿಲು ಹತ್ತಲಿಲ್ಲ, ಹಟಕ್ಕೆ ಬಿದ್ದು ತಾವೂ ಬೋರು ಕೊರೆಸಿದರು. ಅಮ್ಮನ ನಾಲ್ಕು ಬಳೆ ಅದಕ್ಕೆ ಹೋದವು. ಮುನ್ನೂರು ಅಡಿಯವರೆಗೆ ಬಿಳಿ ಪುಡಿಯೊಂದೇ ಬಂತು. ನಾವು ಊರು ಬಿಟ್ಟು ಪಟ್ಟಣ ಸೇರಿದೆವು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಬಂತು. ಅಷ್ಟರಲ್ಲಿ ನಮ್ಮ ಬಾವಿಯಲ್ಲಿ ಪಾಲು ಮಾಡಲು ಕಲ್ಲು ಮಾತ್ರ ಉಳಿದಿತ್ತು. ಹುಟ್ಟಿದಾಗಿನಿಂದ ನೀರು ಹೊತ್ತವಳು ಅಮ್ಮ, ಎಣಿಸಿದವಳು ಅಮ್ಮ. ಅವಳ ಹೆಸರಿನಲ್ಲಿ ಒಂದು ಲೋಟ ನೀರು ಎಂದೂ ಇರಲಿಲ್ಲ.

ಒಮಾನಿನವರೆಲ್ಲ ಹೀಗೆ ಹಂಚಿಕೊಂಡು ಸುಖವಾಗಿದ್ದಾರೆಂದು ಬರೆದರೆ ಸುಳ್ಳಾಗುತ್ತದೆ. ಬಾತಿನಾ ಎಂಬ ಅವರ ಕರಾವಳಿಯಲ್ಲಿ 1970ರ ನಂತರ ಪಂಪು ಹಾಕಿದ ಬಾವಿಗಳು ಸಾಲುಗಟ್ಟಿದವು. ಮೇಲಿನ ಸಿಹಿನೀರನ್ನು ಎತ್ತಿದಷ್ಟೂ ಕೆಳಗಿನಿಂದ ಸಮುದ್ರ ಒಳಗೆ ಬಂತು. ಬಾವಿ ಉಪ್ಪಾಗಿ ತೋಟಗಳು ಒಣಗಿದ್ದನ್ನು ನಾನೇ ಕಂಡಿದ್ದೇನೆ. ತಲೆಯಿಲ್ಲದ ಖರ್ಜೂರದ ಮರಗಳು ಸುಟ್ಟ ಕಂಬಗಳ ಹಾಗೆ ನಿಂತಿರುತ್ತವೆ. ಫಲಜಿನಲ್ಲಿ ಬರುವಷ್ಟೇ ಬರುತ್ತದೆ, ಅದಕ್ಕಿಂತ ಹೆಚ್ಚು ಎಳೆಯಲು ಬರುವುದಿಲ್ಲ. ಪಂಪಿಗೆ ಆ ನಾಚಿಕೆಯಿಲ್ಲ. 1988ರಲ್ಲಿ ಅಲ್ಲಿಯ ಸರ್ಕಾರ ನೀರು ದೇಶದ ಸಂಪತ್ತೆಂದು ಕಾನೂನು ಮಾಡಿತು. ಬಾವಿ ತೋಡಲು ಅಪ್ಪಣೆ ಬೇಕಾಯಿತು, ಇದ್ದ ಬಾವಿಗಳ ಪಟ್ಟಿಯಾಯಿತು. ಆಮೇಲೆ ಕಾಲುವೆಗಳನ್ನೂ ಎಣಿಸಿದರು: ದೇಶದಲ್ಲಿ ಒಟ್ಟು 4,112, ಅದರಲ್ಲಿ ನೀರಿದ್ದವು 3,017. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ನಿಂತು ನೋಡಿದ ಖತ್ಮೀನ್ ಅದರಲ್ಲೊಂದು. ನಮ್ಮವರು ಪೇಪರಿನಲ್ಲಿ ಇಂಥ ಅಂಕಿ ಕಂಡಾಗಲೆಲ್ಲ ಒಂದು ಮಾತು ಹೇಳುತ್ತಿದ್ದರು: "ನೆಲದೊಳಗಿನ ನೀರು ಎಂದರೆ ಹಿಂದಿನ ಬಾಕಿ ಬರೆಯದ ಖಾತೆ ಕಣೇ. ಎಷ್ಟು ತೆಗೆದೆವು ಎನ್ನುವುದನ್ನಾದರೂ ಬರೆಯಬೇಡವೇ?" ನಮ್ಮ ರಾಜ್ಯದಲ್ಲಿ ಅಂತರ್ಜಲಕ್ಕೊಂದು ಕಾಯಿದೆ ಬಂದದ್ದು 2011ರಲ್ಲಿ.

ಅಜ್ಜಿಯ ಅರ್ಧ ಗಂಟೆಯ ವಿಷಯವನ್ನು ನಾನು ಅಮ್ಮನಿಗೆ ಒಂಬತ್ತು ವರ್ಷ ಹೇಳಲಿಲ್ಲ. ಕಾಗದ ಬರೆಯುವಾಗ ಎರಡು ಮೂರು ಸಲ ಅಲ್ಲಿಯವರೆಗೆ ಬಂದು ನಿಲ್ಲಿಸಿದ್ದೆ. ಬಳೆಯ ಮಾತು ಎತ್ತಿದ ಹಾಗಾಗುತ್ತದೆ ಎಂದು.

2007ರ ಜೂನ್ ಮೊದಲ ವಾರ ಗೋನು ಚಂಡಮಾರುತ ಬಂತು. ಮಳೆಯನ್ನೇ ಕಾಣದ ಊರಿನ ಒಣ ಹಳ್ಳಗಳಲ್ಲಿ ಕಾರುಗಳು ತೇಲಿದವು, ಒಮಾನಿನಲ್ಲಿ ಸುಮಾರು 50 ಜನ ಸತ್ತರು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ನಿಂತಿತು, ಪೈಪುಗಳು ಕೊಚ್ಚಿಹೋದವು. ರಸ್ತೆಯ ತುಂಬ ನೀರು, ನಲ್ಲಿಯಲ್ಲಿ ಗಾಳಿ! ನೀಲಿ ಟ್ಯಾಂಕರಿನ ಮುಂದೆ ಬಕೆಟ್ ಹಿಡಿದು ನಿಂತಾಗ ಅಕ್ಕಪಕ್ಕದವರೆಲ್ಲ ಕಂಗಾಲಾಗಿದ್ದರೆ ನನಗೆ ಮಾತ್ರ ತವರಿಗೆ ಬಂದಷ್ಟು ಸಲೀಸು. ತರಕಾರಿಯದು ಪಾತ್ರೆಗೆ, ಪಾತ್ರೆಯದು ಕಕ್ಕಸಿಗೆ. ಎದುರು ಮನೆಯ ಪಾಲಕ್ಕಾಡಿನ ಹುಡುಗಿಗೆ ಒಂದು ಬಕೆಟ್ಟಿನಲ್ಲಿ ದಿನ ತಳ್ಳುವುದನ್ನು ಹೇಳಿಕೊಟ್ಟೆ.

ಮೂರನೆಯ ದಿನ ಅಮ್ಮನ ಫೋನು ಸಿಕ್ಕಿತು. ಜೀವಕ್ಕೇನೂ ಆಗಿಲ್ಲವೆಂದು ಖಚಿತವಾದ ಮೇಲೆ ಅವಳ ಮೊದಲ ಪ್ರಶ್ನೆ, "ನೀರಿಗೆ ಏನು ಮಾಡುತ್ತೀಯೇ?" ಬಕೆಟ್ಟಿನ ಲೆಕ್ಕ ಒಪ್ಪಿಸಿದೆ. "ಮರೆತಿಲ್ಲವಲ್ಲ, ಸದ್ಯ" ಎಂದಳು. ಆ ಧೈರ್ಯದಲ್ಲಿ ಅಜ್ಜಿಯ ಕಥೆ ಹೇಳಿಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅರ್ಧ ಗಂಟೆಗೆ ಎಷ್ಟು ಬಿಂದಿಗೆ ಬರುತ್ತದೆ?"

"ಹಾಗೆ ಹೇಳಲಾಗುವುದಿಲ್ಲಮ್ಮ. ಕಾಲುವೆಯಲ್ಲಿ ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ."

"ಕಡಿಮೆಯಾದರೆ ಎಲ್ಲರಿಗೂ ಕಡಿಮೆ ತಾನೆ?"

"ಎಲ್ಲರಿಗೂ."

"ಹೂಂ" ಎಂದಳು. ಬಳೆಯ ಮಾತು ಎತ್ತಲಿಲ್ಲ. ದೊಡ್ಡಪ್ಪನ ಬೋರೂ ಹಿಂದಿನ ಬೇಸಿಗೆಯಲ್ಲಿ ನಿಂತುಹೋಯಿತಂತೆ, ದೊಡ್ಡಮ್ಮ ಈಗ ಬೀದಿಯ ನಲ್ಲಿಗೆ ಬಿಂದಿಗೆ ಹಿಡಿದು ಬರುತ್ತಾರಂತೆ ಎಂದಳು. ಅದರಲ್ಲಿ ಸಂತೋಷವಿತ್ತೋ ಮರುಕವಿತ್ತೋ ಅಷ್ಟು ದೂರದ ಫೋನಿನಲ್ಲಿ ತಿಳಿಯಲಿಲ್ಲ. ಇಡುವ ಮುಂಚೆ ಏನೋ ನೆನಪಾದವಳಂತೆ ಕೇಳಿದಳು:

"ಅಲ್ಲ ಕಣೇ, ಆ ಮುದುಕಿಗೆ ಹೆಣ್ಣುಮಕ್ಕಳು ಇದ್ದರಾ? ತನ್ನ ನೀರನ್ನು ಯಾರಿಗೆ ಬಿಟ್ಟಳು?"

ನಾನು ಅದನ್ನು ಕೇಳಿಯೇ ಇರಲಿಲ್ಲ.