ಕೋಸ್ಟರಿಕಾಕ್ಕೆ ವಿಮಾನ, ಕುಂಚಾವರಂಗೆ ಬಸ್ಸು

ಶಹಾಬಾದ, ವಾಡಿ ಕಡೆಯ ನಮಗೆ ಕಾಡೆಂದರೆ ಟೀವಿಯೊಳಗಿನ ಸರಕು. ನೆಲಕ್ಕೂ ಹಾಸುಗಲ್ಲು, ಗೋಡೆಗೂ ಕಲ್ಲು, ಮೇಲೆ ಸಿಮೆಂಟಿನ ಧೂಳು. ರೈಲಿನಲ್ಲಿ ಚಿತ್ತಾಪುರ, ಸೇಡಂ ದಾಟುವತನಕ ಕಣ್ಣಿಗೆ ಬೀಳುವ ಹಸುರೆಂದರೆ ತೊಗರಿ. ಇಂಥ ಊರಿನ ನನ್ನ ತಂಗಿಯ ಮಗ ಮೊಬೈಲು ಮುಂದೆ ಹಿಡಿದು, "ಮಾಮಾ, ಕೋಸ್ಟರಿಕಾಕ್ಕ ಹೋಗ್ತೀನ್ರಿ. ಅಲ್ಲಿ ಒಬ್ಬರ ಮನ್ಯಾಗ ಇದ್ದು ಅವರ ಸಂಸ್ಕೃತಿ ಕಲಿಯೂದು, ರಜಾದಾಗ ಮಳೆಕಾಡು ಸುತ್ತೂದು" ಅಂದ. ಫೀಸು ಎಷ್ಟೆಂದು ಕೇಳಿದೆ. ಹೇಳಿದ. ನೀರು ತರಿಸಿಕೊಂಡು ಕುಡಿದೆ.

ಹೋಗಲಿ, ನನ್ನ ತಕರಾರಿಲ್ಲ. ಊರು ಬಿಟ್ಟು ಓದಲು ಹೋಗುವುದು ಈ ನಾಡಿಗೆ ಹಳೇ ರೂಢಿ. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ 1058ರ ಶಾಸನವಿದೆ. ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 50ರ ಆಸುಪಾಸು, ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರೇ 6 ಮಂದಿ. ಇವತ್ತು ಆರು ಮಂದಿ ಲೈಬ್ರರಿಯನ್‌ಗಳಿರುವ ಕಾಲೇಜು ನಮ್ಮಲ್ಲಿದ್ದರೆ ತೋರಿಸಿ! ಅದಕ್ಕೂ ಇನ್ನೂರು ವರ್ಷ ಹಿಂದೆ ಸುಲೈಮಾನನೆಂಬ ಅರಬ ವ್ಯಾಪಾರಿ, ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಬಲ್ಹರನೂ ಒಬ್ಬ ಎಂದು ಬರೆದ. ಆ ಬಲ್ಹರನೆಂದರೆ ರಾಷ್ಟ್ರಕೂಟ ದೊರೆ; ಅವನ ರಾಜಧಾನಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಎಲ್ಲಿಂದೆಲ್ಲಿಗೆ ಬಂದೆ ನೋಡಿ.

ನಾನು ಹುಡುಗನಿಗೆ ಕೇಳಿದ್ದಿಷ್ಟೇ: "ಆ ಮನಿಯವ್ರು, ನಿಮ್ಮ ಕಡಿ ಕಾಡಿನಾಗ ಏನೇನು ಅವ ಅಂತ ಕೇಳಿದ್ರ ಏನ್ ಹೇಳ್ತಿ?"

ಸ್ವಲ್ಪ ಯೋಚಿಸಿ, "ಎಮ್ಮಿ" ಅಂದ.

ಮರುವಾರ ಅವನನ್ನು ಕರಕೊಂಡು ಚಿಂಚೋಳಿ ಮೇಲೆ ಕುಂಚಾವರಂ ಕಾಡಿನ ಬಸ್ಸು ಹತ್ತಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಸಾರಿದ ಆ ಅಡವಿ ಸುಮಾರು 135 ಚದರ ಕಿಲೋಮೀಟರಿನದು. ತೋಳ, ನರಿ, ಕತ್ತೆಕಿರುಬ, ಕೃಷ್ಣಮೃಗ ಎಲ್ಲಾ ಇವೆ. ಆದರೆ ಬೇಸಿಗೆಯಲ್ಲಿ ಹೋದವರು "ಇದೇನು ಕಾಡ್ರೀ, ಎಲೀನೇ ಇಲ್ಲ" ಎಂದು ಮೂಗು ಮುರಿಯುತ್ತಾರೆ. ಎಲೆಯಿಂದ ನೀರು ಆವಿಯಾಗದಿರಲೆಂದು ಮರಗಳೇ ಉದುರಿಸಿ ಕೂತಿರುತ್ತವೆ. ಇದೂ ಉಷ್ಣವಲಯದ ಕಾಡೇ. ಮಳೆ ಕಡಿಮೆ, ಪ್ರಚಾರ ಅದಕ್ಕೂ ಕಡಿಮೆ. ನನ್ನ ಕೇಳಿದರೆ ನೋಡಲು ಇದೇ ಹದವಾದ ಕಾಲ. ಎಲೆಯ ಮರೆ ಇಲ್ಲ, ನೀರು ಬತ್ತಿ ಪ್ರಾಣಿಗಳೆಲ್ಲ ಚಂದ್ರಂಪಳ್ಳಿ ಜಲಾಶಯದತ್ತ ಇಳಿಯುತ್ತವೆ.

ನಮಗೆ ದಾರಿ ತೋರಿಸಿದವನು ತಾಂಡಾದ ಒಬ್ಬ ಮುದುಕ. ಮನೆಯವರೊಂದಿಗೆ ಲಂಬಾಣಿ, ಬಸ್ಸಿನಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ನಮ್ಮೊಡನೆ ಕನ್ನಡ. ಶ್ರಾವಣದ ತೀಜ್‌ನಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, ದಿನಾ ನೀರೆರೆದು ಹಾಡುವುದನ್ನು ಹೇಳುತ್ತಾ ನಡೆದವನು ಥಟ್ಟನೆ ಕುಕ್ಕರಗಾಲಲ್ಲಿ ಕೂತ. ಮುತ್ತುಗದ ಬುಡದಲ್ಲಿ ಹಿಕ್ಕೆಯ ಗುಡ್ಡೆ. ಕೆಳಗಿನವು ಒಣಗಿ ಬೂದಿಬಣ್ಣ, ಮೇಲಿನವು ಕಪ್ಪಗೆ, ಇನ್ನೂ ಪಸೆಯಾರಿಲ್ಲ. ಕೊಂಡುಕುರಿಯದು. ಗಂಡಿಗೆ ನಾಲ್ಕು ಕೊಂಬು, ಮಹಾ ನಾಚಿಕೆಯ ಪ್ರಾಣಿ. ಹಿಕ್ಕೆ ಹಾಕಲು ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗುತ್ತದೆ. ನಮ್ಮ ಪಂಚಾಯಿತಿ ಇಷ್ಟು ವರ್ಷ ಬೋರ್ಡು ಹಾಕಿಯೂ ಜನರಿಗೆ ಕಲಿಸಲಾಗದ ಶಿಸ್ತು! ಕೊಂಡುಕುರಿ ಕಾಣಲಿಲ್ಲ. ಹುಡುಗ ಹಿಕ್ಕೆಯದೇ ಫೋಟೊ ಹೊಡೆದ, ಅದೂ ಒಂದಲ್ಲ.

ಸಂಜೆ ತಾಂಡಾದಲ್ಲಿ ಚಹಾ ಕುಡಿಯುತ್ತಾ ಹುಡುಗ ಕೋಸ್ಟರಿಕಾದ ಪುರಾಣ ತೆಗೆದ. ಅಲ್ಲಿ ಮಳೆ ಅಂದರೆ ಮಳೆ, ಕೆಲವು ಕಡೆ ವರ್ಷಪೂರ್ತಿ ಬಿಡುವುದೇ ಇಲ್ಲ ಅಂದ. ಮುದುಕ ಬಸಿ ಕೆಳಗಿಟ್ಟು ಕನಿಕರದಿಂದ ಕೇಳಿದ: "ಹಂಗಾದ್ರ ತೊಗರಿ ಕೊಳೀತದಲ್ಲೋ ತಮ್ಮಾ, ಆ ಮಂದಿ ಏನ್ ಉಣ್ತಾರ?"